ಮೊಲದ ಟ್ರೇಗೆ ಏನು ಹಾಸಬೇಕು?

ಮನೆಯೊಳಗೆ ಮೊಲ ಸಾಕುವವರು ಕಳಿಸಿದ ಪ್ರಶ್ನೆಗಳಲ್ಲಿ ಹೆಚ್ಚಿನವು ಉಚ್ಚೆ-ಹಿಕ್ಕೆಗೆಂದು ಇಡುವ ಟ್ರೇಯ ವಾಸನೆಯ ಸುತ್ತಲೇ ಇವೆ. ಒಂದೇ ಬಗೆಯವನ್ನು ಒಟ್ಟುಮಾಡಿ ಇಲ್ಲಿ ಉತ್ತರಿಸಿದ್ದೇವೆ.

ನಮ್ಮ ಮನಿ ಹಿಂದೇನೇ ರೈಸ್ ಮಿಲ್ ಐತಿ, ಭತ್ತದ ಹೊಟ್ಟು ಪುಕ್ಕಟೆ ಸಿಗ್ತೈತಿ. ಎರಡು ಮೊಲ ಅದಾವು. ಟ್ರೇಗೆ ಮೂರು ಇಂಚು ಹೊಟ್ಟು ಹಾಕಿದ್ರೂ ಎರಡನೇ ದಿನಕ್ಕ ಮೂಗು ಮುಚ್ಕೋಬೇಕು. ಆನ್‌ಲೈನ್‌ನಾಗ ಬರೋ ಕಟ್ಟಿಗಿ ಪೆಲೆಟ್ ತರಿಸೋದು ನಮ್ಮ ಕೈಲಿ ಆಗಂಗಿಲ್ಲ. ಬೇರೆ ಏನರ ಐತೇನ್ರಿ?
— ಗಂಗಾವತಿ

ಐತಿ. ಮೊದಲು ಹೊಟ್ಟು ಯಾಕೆ ಕೈಕೊಡುತ್ತದೆ ನೋಡಿ. ಭತ್ತದ ಹೊಟ್ಟಿನ ಹೊರಮೈ ತುಂಬ ಸಿಲಿಕಾ. ಉಚ್ಚೆ ಅದಕ್ಕೆ ಇಂಗುವುದಿಲ್ಲ, ಜಾರಿ ತಳ ಸೇರುತ್ತದೆ. ನಿಮ್ಮ ಟ್ರೇಯನ್ನು ಒಮ್ಮೆ ಓರೆ ಮಾಡಿ: ಮೇಲಿನ ಹೊಟ್ಟು ಗರಗರ ಒಣಗಿರುತ್ತದೆ, ಅಡಿಯಲ್ಲಿ ಮಾತ್ರ ಹಳದಿ ನೀರು ಮೂಲೆಗೆ ಹರಿದು ಬರುತ್ತದೆ. ವಾಸನೆಯ ಮನೆ ಅದು. ಮೊಲದ ಹಿಕ್ಕೆಗೆ ವಾಸನೆ ತೀರಾ ಕಡಿಮೆ. ಉಚ್ಚೆಯಲ್ಲಿರುವ ಯೂರಿಯಾವನ್ನು ಬ್ಯಾಕ್ಟೀರಿಯಾ ಒಡೆದಾಗ ಹುಟ್ಟುವ ಅಮೋನಿಯಾ ಮೂಗಿಗೆ ಹೊಡೆಯುತ್ತದೆ. ಅದಕ್ಕೆ ಬೇಕಾದದ್ದು ಒದ್ದೆ, ಬಿಸಿ, ಹೊತ್ತು. ನಮ್ಮ ಕಡೆಯ ಏಪ್ರಿಲ್‌–ಮೇನಲ್ಲಿ ಬಿಸಿಯನ್ನು ತಪ್ಪಿಸುವಂತಿಲ್ಲ. ಉಳಿದೆರಡು ನಿಮ್ಮ ಕೈಯಲ್ಲಿವೆ.

ಎರಡು ಪದರ ಹಾಸಿ: ಕೆಳಗೆ ಹೀರುವಂಥದ್ದು, ಮೇಲೆ ಒಣಗಿರುವಂಥದ್ದು. ಕೆಳಗಿನದಕ್ಕೆ ನರ್ಸರಿಗಳಲ್ಲಿ ಇಟ್ಟಿಗೆಯಾಗಿ ಸಿಗುವ ಕೊಕೊಪಿಟ್, ಅಂದರೆ ತೆಂಗಿನ ನಾರಿನ ಪುಡಿ, ದುಡ್ಡಿಗೆ ತಕ್ಕ ಮಾಲು. ಅದು ತನ್ನ ತೂಕದ ಐದಾರು ಪಟ್ಟು ನೀರು ಹಿಡಿಯುತ್ತದೆ. 2 ಕೆಜಿ ತೂಗುವ ಮೊಲ ದಿನಕ್ಕೆ ಹೆಚ್ಚುಕಡಿಮೆ ಕಾಲು ಲೀಟರ್ ಉಚ್ಚೆ ಹೊಯ್ಯುತ್ತದೆ, ಹಸಿ ಸೊಪ್ಪು ಜಾಸ್ತಿ ತಿಂದ ದಿನ ಇನ್ನೂ ಹೆಚ್ಚು. ಎರಡಕ್ಕೆ ಅರ್ಧ ಲೀಟರ್ ಎಂದಿಟ್ಟುಕೊಂಡರೆ ದಿನಕ್ಕೆ 100 ಗ್ರಾಂ ಒಣ ಕೊಕೊಪಿಟ್ ಸಾಕು. ಆದರೆ ಮೊಲ ಉಚ್ಚೆ ಹೊಯ್ಯುವುದು ಒಂದೇ ಮೂಲೆಗೆ, ಹಾಗಾಗಿ ಮೂರು ದಿನಕ್ಕೆ 300ರ ಬದಲು 500 ಗ್ರಾಂ ಹಿಡಿಯಿರಿ. 5 ಕೆಜಿಯ ಒಂದು ಇಟ್ಟಿಗೆ ನಿಮ್ಮ ಜೋಡಿಗೆ ಒಂದು ತಿಂಗಳು ಬರುತ್ತದೆ.

ಇಟ್ಟಿಗೆಯನ್ನು ಹಾಗೇ ಪುಡಿ ಮಾಡಿ ಹಾಕಬೇಡಿ, ದೂಳು ಏಳುತ್ತದೆ. ದೊಡ್ಡ ಟಬ್ಬಿನಲ್ಲಿ ನೆನೆಹಾಕಿ. ಅರ್ಧ ಗಂಟೆಯಲ್ಲಿ ಉಬ್ಬಿ 60–70 ಲೀಟರಿನಷ್ಟಾಗುತ್ತದೆ. ಹಳೇ ಸೀರೆಯಲ್ಲಿ ಕಟ್ಟಿ ನೀರು ಬಸಿಯಿರಿ, ಇನ್ನೊಮ್ಮೆ ನೀರು ಹಾಕಿ ಮತ್ತೆ ಬಸಿಯಿರಿ. ತೊಳೆಯದ ಕೊಕೊಪಿಟ್‌ನಲ್ಲಿ ಉಪ್ಪಿನಂಶ ಇರುತ್ತದೆ, ಅದು ಹೋಗಲಿ. ಬಳಿಕ ತಾಡಪತ್ರಿಯ ಮೇಲೆ ಎರಡು ಇಂಚು ದಪ್ಪಕ್ಕೆ ಹರವಿ, ದಿನಕ್ಕೆ ಎರಡು ಸಲ ಕೈಯಾಡಿಸಿ ಬಿಸಿಲಿಗೆ ಬಿಡಿ. ಬೇಸಿಗೆಯಲ್ಲಿ ಎರಡು ದಿನ, ಚಳಿಗಾಲದಲ್ಲಿ ನಾಲ್ಕು. ಪೂರ್ತಿ ಬೂದಿಯಂತಾಗುವ ಮುಂಚೆ ತೆಗೆಯಿರಿ: ಹಿಡಿಯಲ್ಲಿ ಒತ್ತಿದರೆ ಉಂಡೆಯಾಗಬಾರದು, ಊದಿದರೆ ದೂಳು ಹಾರಬಾರದು. ಮಳೆಗಾಲಕ್ಕೆ ಬೇಕಾದಷ್ಟನ್ನು ಮೇ ತಿಂಗಳಲ್ಲೇ ಒಣಗಿಸಿ ಚೀಲಕ್ಕೆ ತುಂಬಿಟ್ಟರೆ ಜಾಣತನ.

ಒಂದೂವರೆ ಅಡಿಗೆ ಎರಡು ಅಡಿಯ ಟ್ರೇಯಲ್ಲಿ ಅರ್ಧ ಕೆಜಿ ಹರವಿದರೆ ಒಂದು ಇಂಚು ಬರುತ್ತದೆ. ಅದರ ಮೇಲೆ ಒಣ ಭತ್ತದ ಹುಲ್ಲನ್ನು ಗೇಣುದ್ದ ಕತ್ತರಿಸಿ ಎರಡು ಇಂಚು ಹಾಸಿ. ಹುಲ್ಲಿನ ಪದರ ಬಿಡಬೇಡಿ. ಮೊಲ ಕೊಕೊಪಿಟ್ ಮೇಯದಂತೆ ತಡೆಯುವುದೂ, ಪಾದ ಒದ್ದೆಯಾಗದಂತೆ ನೋಡಿಕೊಳ್ಳುವುದೂ ಅದೇ. ನಿಮ್ಮ ಪುಕ್ಕಟೆ ಹೊಟ್ಟು ದಂಡವಾಗಬೇಕಿಲ್ಲ. ಜರಡಿ ಹಿಡಿದು ದೂಳು ಕಳೆದು, ಮೂರು ಪಾಲು ಕೊಕೊಪಿಟ್‌ಗೆ ಒಂದು ಪಾಲು ಬೆರೆಸಿ. ಅಡಿಯ ಪದರ ಮುದ್ದೆಗಟ್ಟದೆ ಗಾಳಿಯಾಡುತ್ತದೆ. ಮಿಲ್ಲಿನ ಬಾಯ್ಲರಿನಿಂದ ಬರುವ ಕರಿ ಬೂದಿಯನ್ನು ಮಾತ್ರ ತರಬೇಡಿ, ಕಾರಣ ಮುಂದಿದೆ.

ದಿನಾ ಬೆಳಿಗ್ಗೆ ಒದ್ದೆ ಮೂಲೆಯನ್ನು ಕೈಸಲಿಕೆಯಿಂದ ಎತ್ತಿ, ಅಷ್ಟನ್ನೇ ಹೊಸದಾಗಿ ತುಂಬಿ. ಪೂರ್ತಿ ಬದಲಾಯಿಸುವುದು ಬೇಸಿಗೆಯಲ್ಲಿ ಮೂರು ದಿನಕ್ಕೊಮ್ಮೆ, ಉಳಿದಂತೆ ವಾರಕ್ಕೆರಡು ಸಲ.

ವಾಸನೆ ಹೋಗಲೆಂದು ಟ್ರೇಗೆ ಸುಣ್ಣದ ಪುಡಿ ಉದುರಿಸುತ್ತೇವೆ, ಕೆಲವೊಮ್ಮೆ ಒಲೆ ಬೂದಿ. ಹಾಕಿದ ತಕ್ಷಣ ವಾಸನೆ ಇನ್ನೂ ಏರುತ್ತದೆ. ಅಡುಗೆ ಸೋಡಾ ಹಾಕಿದರೆ ಆಗುತ್ತದೆಯೇ?
— ರಾಯಚೂರು

ಏರಲೇಬೇಕು. ಹಾಸಿನಲ್ಲಿರುವ ಅಮೋನಿಯಾ ಎಲ್ಲವೂ ಅನಿಲವಾಗಿ ಇರುವುದಿಲ್ಲ, ಒಂದಷ್ಟು ಅಮೋನಿಯಂ ಲವಣವಾಗಿ ಒದ್ದೆಯಲ್ಲೇ ಕುಳಿತಿರುತ್ತದೆ. ಸುಣ್ಣ, ಬೂದಿ ಎರಡೂ ಕ್ಷಾರ. ಅವು ಬಿದ್ದೊಡನೆ ಆ ಲವಣ ಒಡೆದು ಅನಿಲ ಒಂದೇ ಸಲ ಹೊರಗೆ ಬರುತ್ತದೆ. ಶಾಲೆಯ ಪ್ರಯೋಗಾಲಯದಲ್ಲಿ ಅಮೋನಿಯಾ ತಯಾರಿಸುವ ವಿಧಾನವೇ ಇದು. ನೀವು ಅದನ್ನು ಮೊಲದ ಮೂಗಿನ ಕೆಳಗೆ ಮಾಡುತ್ತಿದ್ದೀರಿ! ಮೇಲಾಗಿ ಸುಣ್ಣ ಪಾದ ಸುಡುತ್ತದೆ, ಮೊಲ ಪಾದ ನೆಕ್ಕಿಕೊಂಡರೆ ಬಾಯಿಯೂ ಸುಡುತ್ತದೆ. ಕೋಳಿ ಫಾರಂನಲ್ಲಿ ಕೋಳಿ ಖಾಲಿಯಾದ ಮೇಲೆ ಸುಣ್ಣ ಹೊಡೆಯುವುದು ಬೇರೆ ಮಾತು.

ಅಡುಗೆ ಸೋಡಾವೂ ಕ್ಷಾರವೇ, ಸ್ವಲ್ಪ ಮೆದು ಅಷ್ಟೇ. ಅಮೋನಿಯಾ ವಿಚಾರದಲ್ಲಿ ಅದರಿಂದ ಉಪಯೋಗವಿಲ್ಲ. ಕ್ಷಾರಕ್ಕೆ ಹುಳಿ ಬೇಕು. ಟ್ರೇ ಖಾಲಿ ಮಾಡಿದಾಗ ಬಿಳಿ ವಿನೆಗರ್‌ಗೆ ಅಷ್ಟೇ ನೀರು ಬೆರೆಸಿ ತಳಕ್ಕೆ ಚಿಮುಕಿಸಿ, ಹದಿನೈದು ನಿಮಿಷ ಬಿಟ್ಟು ಉಜ್ಜಿ ತೊಳೆದು, ಬಿಸಿಲಲ್ಲಿ ಒಣಗಿಸಿ ಹೊಸ ಹಾಸು ಹಾಕಿ. ಟ್ರೇ ಎರಡಿದ್ದರೆ ಅನುಕೂಲ: ಒಂದು ಬಿಸಿಲಲ್ಲಿ, ಒಂದು ಒಳಗೆ.

ಫಿನೈಲ್ ಹಾಕಬೇಡಿ. ಬ್ಲೀಚಿಂಗ್ ಪುಡಿಯಂತೂ ಬೇಡವೇ ಬೇಡ: ಉಚ್ಚೆಯ ಅಮೋನಿಯಾ ಜೊತೆ ಸೇರಿದರೆ ಕ್ಲೋರಮೈನ್, ವಿನೆಗರ್ ಜೊತೆ ಸೇರಿದರೆ ಕ್ಲೋರಿನ್. ಎರಡೂ ವಿಷಗಾಳಿ, ನಿಮಗೂ ಮೊಲಕ್ಕೂ.

ಜೀನ್ಸ್ ಹೊಲಿಯುವ ಕಡೆಯಿಂದ ಬಟ್ಟೆ ಚೂರು ಚೀಲಗಟ್ಟಲೆ ಸಿಗುತ್ತದೆ. ಹೀರುತ್ತದೆ ಕೂಡ. ಒಗೆದು ಮತ್ತೆ ಬಳಸಬಹುದಲ್ಲ?
— ಬಳ್ಳಾರಿ

ಹೀರುತ್ತದೆ ನಿಜ, ಆದರೆ ಬೇಡ. ಕತ್ತರಿಸಿದ ಡೆನಿಮ್‌ನ ಅಂಚಿನಿಂದ ನೂಲು ಎಳೆಎಳೆಯಾಗಿ ಬಿಚ್ಚುತ್ತದೆ, ಮೊಲ ಅದನ್ನು ಶ್ಯಾವಿಗೆಯಂತೆ ಎಳೆದು ತಿನ್ನುತ್ತದೆ. ಮೊಲಕ್ಕೆ ವಾಂತಿ ಮಾಡಲು ಬರುವುದಿಲ್ಲ. ನುಂಗಿದ ನೂಲು ಕರುಳಲ್ಲಿ ಸಿಕ್ಕಿಕೊಂಡರೆ ಹಿಕ್ಕೆ ನಿಲ್ಲುತ್ತದೆ, ಮೇವು ಬಿಡುತ್ತದೆ, ಹನ್ನೆರಡು ತಾಸಿನಲ್ಲಿ ಪ್ರಾಣಕ್ಕೆ ಬರಬಹುದು. ಹಿಕ್ಕೆಗಳು ದಾರಕ್ಕೆ ಪೋಣಿಸಿದಂತೆ ಬರುತ್ತಿದ್ದರೆ ನೂಲನ್ನೋ ಕೂದಲನ್ನೋ ನುಂಗುತ್ತಿದೆ ಎಂದೇ ತಿಳಿಯಿರಿ. ಹತ್ತಿ, ಹತ್ತಿಬಟ್ಟೆಯ ತ್ಯಾಜ್ಯ ಇವಕ್ಕೂ ಇದೇ ಉತ್ತರ.

ಸಾ ಮಿಲ್‌ನಿಂದ ಕಟ್ಟಿಗೆ ಹೊಟ್ಟು ತಂದು ಹಾಕಿದೆವು. ವಾಸನೆ ಕಡಿಮೆಯಾಯಿತು, ಆದರೆ ಮೊಲ ಸೀನುತ್ತಿದೆ.
— ಕೊಪ್ಪಳ

ಗರಗಸದ ಹೊಟ್ಟು ಹಿಟ್ಟಿನಷ್ಟು ನಯ. ಮೊಲ ಮೂಗಿನಿಂದಲೇ ಉಸಿರಾಡುವ ಪ್ರಾಣಿ, ಇಡೀ ದಿನ ಅದರ ಮೂಗು ನೆಲದಿಂದ ಎರಡು ಇಂಚು ಮೇಲಿರುತ್ತದೆ. ಇವತ್ತೇ ತೆಗೆದುಬಿಡಿ. ಎರಡು ದಿನದಲ್ಲಿ ಸೀನು ನಿಲ್ಲದಿದ್ದರೆ, ಅಥವಾ ಮೂಗಿನಿಂದ ಬಿಳಿ ಸಿಂಬಳ ಬಂದು ಮುಂಗಾಲಿನ ಕೂದಲು ಅಂಟಂಟಾಗಿದ್ದರೆ, ಪಶುವೈದ್ಯರಿಗೆ ತೋರಿಸಿ. ಅದು ದೂಳಿನ ಸೀನಲ್ಲ, ಸೋಂಕು.

ಕಟ್ಟಿಗೆಯೇ ಬೇಕೆಂದರೆ ಬಡಗಿ ರಂದಾ ಹೊಡೆದಾಗ ಬರುವ ಸುರುಳಿ ತನ್ನಿ, ಕೊಡವಿ ದೂಳು ಕಳೆಯಿರಿ. ಯಾವ ಮರ ಎಂದು ಕೇಳಿ ತನ್ನಿ. ಪ್ಲೈವುಡ್, ಎಂಡಿಎಫ್ ಕೊಯ್ದದ್ದು ಬೇಡ, ಅದರ ಅಂಟಿನಲ್ಲಿ ಫಾರ್ಮಾಲ್ಡಿಹೈಡ್ ಇರುತ್ತದೆ. ಘಮ್ಮೆನ್ನುವ ದೇವದಾರು, ಹಸಿ ಪೈನ್ ಕೂಡ ಬೇಡ. ಆ ಘಮವೇ ಮೊಲದ ಯಕೃತ್ತಿಗೆ ಹೊರೆ. ತೇಗದ ದೂಳು ಚರ್ಮಕ್ಕೆ ತುರಿಕೆ ತರಿಸುತ್ತದೆ. ಇಷ್ಟೆಲ್ಲ ಕಳೆದ ಮೇಲೆ ಉಳಿಯುವ ಕಟ್ಟಿಗೆ ಕಡಿಮೆ, ಹಾಗಾಗಿ ನಮ್ಮ ಓಟು ಕೊಕೊಪಿಟ್‌ಗೇ.

ಬೆಕ್ಕಿಗೆ ತರುವ ಮರಳನ್ನೇ ಮೊಲಕ್ಕೂ ಹಾಕಬಹುದೇ?
— ಸಿಂಧನೂರು

ಬೇಡ. ಉಂಡೆಗಟ್ಟುವ ಬೆಕ್ಕಿನ ಮರಳು ಬೆಂಟೊನೈಟ್ ಜೇಡಿ. ಬೆಕ್ಕು ಅದನ್ನು ತಿನ್ನುವುದಿಲ್ಲ, ಮೊಲ ರುಚಿ ನೋಡದೆ ಬಿಡುವುದಿಲ್ಲ. ಟ್ರೇಯಲ್ಲಿ ಕಟ್ಟುವ ಉಂಡೆ ಹೊಟ್ಟೆಯಲ್ಲೂ ಕಟ್ಟುತ್ತದೆ.

ಶೇಂಗಾ ಸಿಪ್ಪೆ?
— ಸಿರುಗುಪ್ಪ

ಹೊಟ್ಟಿಗಿಂತ ಚೆನ್ನಾಗಿ ಹೀರುತ್ತದೆ. ಆದರೂ ಬೇಡ ಎನ್ನುತ್ತೇವೆ. ಶೇಂಗಾಕ್ಕೆ ಹತ್ತುವ ಬೂಷ್ಟಿನಲ್ಲಿ ಅಫ್ಲಾಟಾಕ್ಸಿನ್ ಎಂಬ ವಿಷ ಇರಬಹುದು, ಅದನ್ನು ತೀರಾ ತಾಳದ ಪ್ರಾಣಿಗಳಲ್ಲಿ ಮೊಲವೂ ಒಂದು. ಸಿಪ್ಪೆಯೊಳಗೆ ಉಳಿದ ಪೊಳ್ಳು ಕಾಳನ್ನು ಹುಡುಕಿ ತಿನ್ನುವುದರಲ್ಲಿ ಮೊಲ ನಿಸ್ಸೀಮ.

ದಿನಪತ್ರಿಕೆ ಹಾಸಿದರೆ ಅರ್ಧ ದಿನದಲ್ಲಿ ಮುದ್ದೆಯಾಗಿ ನಾರುತ್ತದೆ. ಹಳೇ ಪೇಪರನ್ನು ಬೇರೆ ಹೇಗಾದರೂ ಬಳಸಬಹುದೇ?
— ಮಾನ್ವಿ

ಹಾಳೆಯಾಗಿ ಹಾಸಿದರೆ ಮೇಲ್ಮೈ ಬೇಗ ತುಂಬಿ ಉಚ್ಚೆ ಮೇಲೇ ನಿಲ್ಲುತ್ತದೆ. ಉಂಡೆ ಮಾಡಿ ನೋಡಿ. ಇಪ್ಪತ್ತು ಹಾಳೆಗಳನ್ನು ಬೆರಳಗಲ ಹರಿದು ರಾತ್ರಿ ಬಿಸಿನೀರಲ್ಲಿ ನೆನೆಹಾಕಿ. ನುಣುಪಾದ ಬಣ್ಣದ ಪುರವಣಿ ಬೇಡ. ಬೆಳಿಗ್ಗೆ ಕೈಯಿಂದ ಕಿವುಚಿ ದೋಸೆ ಹಿಟ್ಟಿನ ಹದಕ್ಕೆ ತಂದು, ಜರಡಿಯಲ್ಲಿ ಬಸಿದು, ಕರಿ ನೀರು ಹೋಗುವವರೆಗೆ ಎರಡು ಸಲ ತೊಳೆದು ಗಟ್ಟಿಯಾಗಿ ಹಿಂಡಿ. ಆಮೇಲೆ ಉದುರುದುರಾಗಿ ಪುಡಿ ಮಾಡಿ, ಶೇಂಗಾ ಕಾಳಿನಷ್ಟು ಚೂರುಗಳಾಗುವಂತೆ ಹರವಿ ಒಣಗಿಸಿ. ಮುಷ್ಟಿ ಗಾತ್ರದ ಉಂಡೆ ಮಾಡಿದರೆ ಒಳಗೆ ಒಣಗದೆ ಬೂಷ್ಟು ಹಿಡಿಯುತ್ತದೆ, ಎಲ್ಲರೂ ಎಡವುವುದು ಅಲ್ಲೇ. ಮೇ ಬಿಸಿಲಲ್ಲಿ ಒಂದೂವರೆ ದಿನ ಸಾಕು, ಆಷಾಢದಲ್ಲಿ ಈ ಉಸಾಬರಿ ಬೇಡ. ಇದಕ್ಕೂ ಮೇಲೊಂದು ಹುಲ್ಲಿನ ಪದರ ಇರಲಿ.

ಟ್ರೇ ಇಟ್ಟರೂ ನಮ್ಮ ಐದು ತಿಂಗಳ ಗಂಡು ಮೊಲ ಸೋಫಾ ಪಕ್ಕದಲ್ಲೇ ಉಚ್ಚೆ ಹೊಯ್ಯುತ್ತದೆ, ಗೋಡೆಗೂ ಚಿಮ್ಮಿಸುತ್ತದೆ.
— ಕುಷ್ಟಗಿ

ಇಲ್ಲಿ ಎರಡು ವಿಷಯ ಬೆರೆತಿವೆ. ಸೋಫಾ ಪಕ್ಕದ ಮೂಲೆಯನ್ನು ಮೊಲ ತಾನೇ ಆರಿಸಿಕೊಂಡಿದೆ. ಅದರ ಜೊತೆ ಜಗ್ಗಾಡಬೇಡಿ, ಟ್ರೇಯನ್ನೇ ಅಲ್ಲಿಗೆ ಒಯ್ಯಿರಿ. ಉಚ್ಚೆ ಒರೆಸಿದ ಕಾಗದ, ಒಂದು ಹಿಡಿ ಹಿಕ್ಕೆ ಟ್ರೇಯೊಳಗೆ ಹಾಕಿ. ಹುಲ್ಲಿನ ಬುಟ್ಟಿಯನ್ನು ಟ್ರೇಯ ಒಂದು ತುದಿಗೆ, ಟ್ರೇಯೊಳಗೇ ನಿಂತು ತಿನ್ನುವಷ್ಟು ಎತ್ತರಕ್ಕೆ ಕಟ್ಟಿ. ಮೇಯುತ್ತಲೇ ಹಿಕ್ಕೆ ಹಾಕುವುದು ಮೊಲದ ಜಾಯಮಾನ. ಹೆಚ್ಚಿನವು ಹತ್ತು ಹದಿನೈದು ದಿನದಲ್ಲಿ ಕಲಿಯುತ್ತವೆ. ಆಮೇಲೆ ಟ್ರೇಯನ್ನು ದಿನಕ್ಕೆ ಗೇಣು ಗೇಣು ಸರಿಸಿ ನಿಮಗೆ ಬೇಕಾದಲ್ಲಿಗೆ ತನ್ನಿ. ಹೊಡೆದರೆ, ಗದರಿದರೆ ಕಲಿಯುವುದಿಲ್ಲ, ಅಡಗಿ ಹೊಯ್ಯುವುದನ್ನು ಕಲಿಯುತ್ತದೆ.

ಗೋಡೆಗೆ ಚಿಮ್ಮಿಸುವುದು ಗಡಿ ಗುರುತು. ನಾಲ್ಕರಿಂದ ಆರು ತಿಂಗಳಲ್ಲಿ ಗಂಡು ಬಲಿತಾಗ ಶುರುವಾಗುತ್ತದೆ, ಆ ಉಚ್ಚೆಗೆ ಘಾಟೂ ಜಾಸ್ತಿ. ಇದಕ್ಕೆ ಯಾವ ಹಾಸೂ ಮದ್ದಲ್ಲ, ಬೀಜ ತೆಗೆಸುವುದೇ ದಾರಿ. ಮೊಲಕ್ಕೆ ಈ ಶಸ್ತ್ರಚಿಕಿತ್ಸೆ ಮಾಡಿ ಅಭ್ಯಾಸವಿರುವ ಪಶುವೈದ್ಯರನ್ನೇ ಹುಡುಕಿ. ನಾಯಿ ಬೆಕ್ಕಿನಂತೆ ಮೊಲವನ್ನು ಹಿಂದಿನ ರಾತ್ರಿ ಉಪವಾಸ ಕೆಡವಬಾರದು, ಇದನ್ನು ವೈದ್ಯರ ಬಳಿ ಮೊದಲೇ ಮಾತಾಡಿ.

ಟ್ರೇಯ ತಳದಲ್ಲಿ ಸುಣ್ಣ ಬಳಿದಂತೆ ಬಿಳಿ ಗಟ್ಟಿ ಕಲೆ. ಸೋಪಿಗೆ ಹೋಗುತ್ತಿಲ್ಲ. ಬೀಟ್‌ರೂಟ್ ಸೊಪ್ಪು ಹಾಕಿದ ದಿನ ಉಚ್ಚೆ ಕೆಂಪಗೂ ಇತ್ತು. ಕಾಯಿಲೆಯೇ?
— ಬಳ್ಳಾರಿ

ಬಿಳಿ ಕಲೆ ಕ್ಯಾಲ್ಸಿಯಂ ಕಾರ್ಬೊನೇಟ್. ತಿಂದದ್ದರಲ್ಲಿ ಹೆಚ್ಚಾದ ಕ್ಯಾಲ್ಸಿಯಂ ಅನ್ನು ಮೊಲ ಉಚ್ಚೆಯಲ್ಲೇ ಹೊರಹಾಕುತ್ತದೆ, ಹಾಗಾಗಿ ಸ್ವಲ್ಪ ಮಬ್ಬು ಸಹಜ. ಸೋಪೂ ಕ್ಷಾರವಾದ್ದರಿಂದ ಅದಕ್ಕೆ ಕರಗುವುದಿಲ್ಲ. ಕಿರಾಣಿ ಅಂಗಡಿಯ ನಿಂಬೆ ಉಪ್ಪು 30 ಗ್ರಾಂ ಅನ್ನು ಒಂದು ಲೀಟರ್ ಬಿಸಿನೀರಿಗೆ ಕರಗಿಸಿ ಕಲೆ ಮುಳುಗುವಂತೆ ಹೊಯ್ಯಿರಿ. ಸಣ್ಣಗೆ ನೊರೆ ಏಳುತ್ತದೆ, ಅರ್ಧ ತಾಸಿಗೆ ಉಜ್ಜಿದರೆ ಎದ್ದುಬರುತ್ತದೆ. ಆದರೆ ಉಚ್ಚೆಯೇ ಪೇಸ್ಟಿನಂತೆ ದಪ್ಪಗೆ ಬರುತ್ತಿದ್ದರೆ, ಮುಕ್ಕರಿಯುತ್ತಿದ್ದರೆ ವೈದ್ಯರಿಗೆ ತೋರಿಸಿ. ಕುದುರೆ ಮೆಂತೆ, ಶೇಂಗಾ ಬಳ್ಳಿ ಕಡಿಮೆ ಮಾಡಿ, ಗರಿಕೆ ಮತ್ತು ಒಣಹುಲ್ಲು ಹೆಚ್ಚಿಸಿ, ನೀರನ್ನು ಅಗಲ ಬಟ್ಟಲಲ್ಲಿ ಇಡಿ. ಮೇವಿನಲ್ಲಿ ಪ್ರೋಟೀನ್ ಇಳಿದರೆ ಯೂರಿಯಾ ಇಳಿಯುತ್ತದೆ, ವಾಸನೆಯೂ ಅಷ್ಟು ಕಡಿಮೆ.

ಕೆಂಪು ಬಣ್ಣ ಸಾಮಾನ್ಯವಾಗಿ ಸೊಪ್ಪಿನದು, ಒಂದೆರಡು ದಿನದಲ್ಲಿ ಹೋಗುತ್ತದೆ. ಬಣ್ಣ ಪೂರ್ತಿ ಒಂದೇ ಸಮ ಇರದೆ ಕೆಂಪು ಗೆರೆ, ಗರಣೆಯಾಗಿ ಬಂದರೆ ರಕ್ತ ಎಂದು ಅನುಮಾನಿಸಿ. ಹೆಣ್ಣು ಮೊಲವಾದರೆ ತಡ ಮಾಡಲೇಬೇಡಿ.

ದಿನಾ ತೆಗೆಯುವ ಒದ್ದೆ ಹಾಸನ್ನು ಮಾಳಿಗೆ ಮೇಲಿನ ಗಿಡಗಳಿಗೆ ಹಾಕಬಹುದೇ?
— ರಾಯಚೂರು

ಹಿಕ್ಕೆಯನ್ನು ನೇರವಾಗಿ ಹಾಕಬಹುದು, ಕುರಿ ಹಿಕ್ಕೆಯ ಹಾಗೆ. 12 ಇಂಚಿನ ಕುಂಡಕ್ಕೆ ತಿಂಗಳಿಗೆ ಎರಡು ಹಿಡಿ. ಉಚ್ಚೆ ಹೀರಿದ ಕೊಕೊಪಿಟ್ ಹಾಗೇ ಹಾಕಿದರೆ ಎಲೆಯ ಅಂಚು ಸುಟ್ಟಂತಾಗುತ್ತದೆ. ಅದಕ್ಕೆ ಎರಡು ಪಾಲು ಒಣ ಎಲೆ ಬೆರೆಸಿ, ತೂತಿರುವ ಡ್ರಮ್ಮಿನಲ್ಲಿ ಎರಡು ತಿಂಗಳು ಕೊಳೆಸಿ, ವಾರಕ್ಕೊಮ್ಮೆ ತಿರುವಿ ಹಾಕಿ. ಡ್ರಮ್ಮಿನಿಂದ ಅಮೋನಿಯಾ ವಾಸನೆ ಬಂದರೆ ಒಣ ಎಲೆ ಸಾಲದು ಎಂದರ್ಥ, ಇನ್ನೊಂದು ಬುಟ್ಟಿ ಸುರಿಯಿರಿ.