ಇಪ್ಪತ್ತು ಲೆಕ್ಕದಲ್ಲಿ ಮೂರೇ ಮಾಡುವ ಹುಡುಗಿ

(ಗುರುತು ಸಿಗಬಾರದೆಂದು ಕೆಲವು ವಿವರ ಬದಲಿಸಿದ್ದೇನೆ.)

ಹತ್ತು ವರ್ಷದ ಹುಡುಗಿ, ಐದನೇ ಕ್ಲಾಸು. ಸ್ಕೂಲಿಗೆ ಹೊರಡುವ ಹೊತ್ತಿಗೆ ಸರಿಯಾಗಿ ಹೊಟ್ಟೆನೋವು. ಮಕ್ಕಳ ಡಾಕ್ಟರು ನೋಡಿ, ಏನೂ ತೊಂದರೆ ಇಲ್ಲ ಎಂದು ನನ್ನ ಹತ್ತಿರ ಕಳಿಸಿದ್ದರು. "ಪ್ರತಿಯೊಂದಕ್ಕೂ ಯಾಕೆ ಯಾಕೆ ಅಂತಾಳೆ ಮೇಡಂ. ಮಾರ್ಕ್ಸ್ ನೋಡಿದ್ರೆ ಸುಮಾರು," ಎಂದರು ತಾಯಿ. ಇಪ್ಪತ್ತು ಲೆಕ್ಕ ಕೊಟ್ಟರೆ ಮೂರು ಮಾಡಿ ಸುಮ್ನೆ ಕೂರುತ್ತಾಳೆ ಅಂತ ಟೀಚರ್ ದೂರು.

ಆ ನೋಟ್‌ಬುಕ್ ತರಿಸಿದೆ. ಮೂರೂ ಸರಿ. ಹಿಂದಿನ ಹಾಳೆಗಳ ತುಂಬ ಒಂದನ್ನು ಏಳರಿಂದ ಭಾಗಿಸುತ್ತಾ ಹೋಗಿದ್ದಾಳೆ: 142857, ಮತ್ತೆ 142857. ಎಲ್ಲಿವರೆಗೆ ಹೋಗತ್ತೆ ಅಂತ ಕೇಳಿದೆ.

"ಮುಗಿಯಲ್ಲ ಆಂಟಿ. ಶೇಷ ಆರರೊಳಗೇ ಇರ್ಬೇಕಲ್ವಾ? ಒಂದ್ಸಲ ಬಂದಿದ್ದು ಮತ್ತೆ ಬಂದ್ರೆ ಮೊದಲಿಂದ ಶುರು. ಆದ್ರೆ ಹದಿಮೂರರಿಂದ ಭಾಗಿಸಿದ್ರೆ ಯಾಕೆ ಹನ್ನೆರಡು ಅಂಕಿ ತನಕ ಹೋಗದೆ ಆರಕ್ಕೇ ತಿರುಗತ್ತೆ?"

ಯಾರೂ ಹೇಳಿಕೊಟ್ಟಿದ್ದಲ್ಲ. ನನಗೆ ಮುಖ್ಯ ಅನಿಸಿದ್ದು ಆ ಉತ್ತರಕ್ಕಿಂತ ಕೊನೆಯ ಪ್ರಶ್ನೆ. ಅಮೆರಿಕದ ಶಿಕ್ಷಣ ಮನಶ್ಶಾಸ್ತ್ರಜ್ಞ ಜೋಸೆಫ್ ರೆಂಜುಲಿ 1978ರಲ್ಲೇ ಪ್ರತಿಭೆಗೆ ಮೂರು ಗುರುತು ಹೇಳಿದ್ದರು: ಸರಾಸರಿಗಿಂತ ಹೆಚ್ಚಿನ ಸಾಮರ್ಥ್ಯ, ಸೃಜನಶೀಲತೆ, ಹಿಡಿದ ಕೆಲಸಕ್ಕೆ ಅಂಟಿಕೊಳ್ಳುವುದು. ಕೊಟ್ಟ ಲೆಕ್ಕ ಮುಗಿಸದವಳು ತಾನೇ ಹಿಡಿದ ಲೆಕ್ಕಕ್ಕೆ ಹಾಳೆಗಟ್ಟಲೆ ಅಂಟಿಕೊಂಡಿದ್ದಳು. ಇದೇ ಹುಡುಗಿ ಚೌಕಾಬಾರದಲ್ಲಿ ಕಾಯಿ ಕಡಿದರೆ ಗೊಳೋ ಎಂದು ಅಳುತ್ತಾಳೆ. ಇದೂ ಇಂಥ ಮಕ್ಕಳಲ್ಲಿ ಮಾಮೂಲು. ಬುದ್ಧಿ ಮುಂದೆ ಓಡಿದರೂ ಮನಸ್ಸಿಗೆ ಹತ್ತೇ ವರ್ಷ.

ಕನ್ನಡ, ಮರಾಠಿ ಮಕ್ಕಳಿಗೆ ಹೊಂದಿಸಿದ ಬಿನೆ-ಕಾಮತ್ ಬುದ್ಧಿಮತ್ತೆ (ಐಕ್ಯೂ) ಪರೀಕ್ಷೆಯನ್ನು ಮನಶ್ಶಾಸ್ತ್ರಜ್ಞರಿಂದ ಮಾಡಿಸಿದೆವು. ಅಂಕ 130 ದಾಟಿತು. ಹಾಗೆ ದಾಟುವವರು ನೂರಕ್ಕೆ ಸುಮಾರು ಇಬ್ಬರು. ಅಂಕವೊಂದನ್ನೇ ನಂಬಿ ನಾನು ಏನೂ ಹೇಳುವುದಿಲ್ಲ, ಇಲ್ಲಿ ನೋಟ್‌ಬುಕ್ಕೂ ಅದನ್ನೇ ಹೇಳುತ್ತಿತ್ತು.

ತಂದೆ ತಕ್ಷಣ ಕೇಳಿದ್ದು, "ಒಂದು ಕ್ಲಾಸ್ ಮುಂದೆ ಹಾಕಿಸಬಹುದಾ?" ಈಗ ಬೇಡ ಎಂದೆ. ಗೆಳತಿಯರು ಈಗ ತಾನೇ ಆಗುತ್ತಿದ್ದಾರೆ. ನೆಂಟರ ಮುಂದೆ ಜೀನಿಯಸ್ ಅಂತ ಪ್ರದರ್ಶನವೂ ಬೇಡ. ಆಟದಲ್ಲಿ ಬೇಕಂತ ಸೋತು ಗೆಲ್ಲಿಸಬೇಡಿ. ಅತ್ತರೆ ಅಳಲಿ, ಆಮೇಲೆ ಇನ್ನೊಂದು ಆಟ ಆಡಿ. "ಯಾಕೆ"ಗೆ ಉತ್ತರ ಗೊತ್ತಿಲ್ಲದಿದ್ದರೆ ಗೊತ್ತಿಲ್ಲ ಅನ್ನಿ, ಇಬ್ಬರೂ ಸೇರಿ ಹುಡುಕಿ.

ಟೀಚರಿಗೆ ಬರೆದ ಚೀಟಿ ಚಿಕ್ಕದು. ಕೊನೆಯ ಮೂರು ಕಷ್ಟದ ಲೆಕ್ಕ ಮೊದಲು ಕೊಡಿ. ಸರಿ ಮಾಡಿದರೆ ಉಳಿದ ಹದಿನೇಳು ಬಿಡಿ. ಆ ಹೊತ್ತಿಗೆ ಒಂದನ್ನು 11, 17ರಿಂದ ಭಾಗಿಸಿ ನೋಡಲು ಹೇಳಿ.

ಮುಂದಿನ ಭೇಟಿಯ ಹೊತ್ತಿಗೆ ಹೊಟ್ಟೆನೋವು ಸೋಮವಾರಕ್ಕೆ ಮಾತ್ರ ಉಳಿದಿತ್ತು. ಚೌಕಾಬಾರದ ಅಳು ಹಾಗೇ ಇದೆ.