ಸ್ಟುಡಿಯೊ ಆನ್ ಆದರೆ ಪ್ರಿಂಟರ್ ಆಫ್

ಪ್ರಶ್ನೆ: ನಮ್ಮ ಕಾಲೇಜಿನ ಸಮುದಾಯ ರೇಡಿಯೊದ ಎರಡೂ ಸ್ಟುಡಿಯೊಗಳು ಹೊಸ ಕಟ್ಟಡಕ್ಕೆ ಹೋಗುತ್ತಿವೆ. ಟ್ರಾನ್ಸ್‌ಮಿಟರ್ ಹಳೇ ಕಟ್ಟಡದಲ್ಲೇ, 140 ಮೀಟರ್ ದೂರ. ‘ಆಡಿಯೊ ಕೇಬಲ್ ಯಾಕೆ, ಕ್ಯಾಟ್-6 (ಕಂಪ್ಯೂಟರ್ ನೆಟ್‌ವರ್ಕಿನ ತಾಮ್ರದ ಕೇಬಲ್) ಎಳೆದು ಆಫೀಸ್ ನೆಟ್‌ವರ್ಕಿಗೆ ಸೇರಿಸಿ’ ಎನ್ನುತ್ತಾರೆ ಕಂಪ್ಯೂಟರ್ ವಿಭಾಗದವರು. ಆಗುತ್ತದೆಯೇ?
– ಹೆಸರು ಬೇಡವೆಂದವರು, ಶಿವಮೊಗ್ಗ ಜಿಲ್ಲೆ

ಉತ್ತರ: ನೆಟ್‌ವರ್ಕಿನಲ್ಲಿ ಧ್ವನಿ ಕಳಿಸುವುದು ಆಗುತ್ತದೆ, ಆದರೆ ನಿಮ್ಮ ದೂರಕ್ಕೆ ಕ್ಯಾಟ್-6ರಲ್ಲಿ ಅಲ್ಲ. ಆಫೀಸಿನ ನೆಟ್‌ವರ್ಕಿಗಂತೂ ಸೇರಿಸಲೇಬೇಡಿ. ಕೈ ಸುಟ್ಟುಕೊಂಡವನ ಮಾತು ಇದು.

ಒಂದು ಸಣ್ಣ ಸ್ಟೇಷನ್ನಿಗೆ ನಾನೇ ನಿಂತು ಈ ಏರ್ಪಾಡು ಮಾಡಿಕೊಟ್ಟಿದ್ದೆ. ಎಂಟು ಸ್ಟೀರಿಯೊ ಸ್ಟ್ರೀಮು (ಧ್ವನಿಯ ಹರಿವು), ಎಲ್ಲೂ ಗುಂಯ್ ಎನ್ನುವ ಸದ್ದಿಲ್ಲ. ಮೂರನೇ ದಿನ ಲೆಕ್ಕಪತ್ರದ ಮೇಡಂ ಬಂದರು. “ಸಾರ್, ನೀವು ಸ್ಟುಡಿಯೊ ಆನ್ ಮಾಡಿದ ಕೂಡಲೇ ನನ್ನ ಪ್ರಿಂಟರ್ ನಿಂತುಹೋಗುತ್ತೆ.” ನಾನು ನಕ್ಕುಬಿಟ್ಟೆ. ಕರೆದುಕೊಂಡು ಹೋಗಿ ತೋರಿಸಿದರು: ವೋಚರ್ ಹಾಳೆ ಅರ್ಧ ಹೊರಗೆ, ಅರ್ಧ ಒಳಗೆ.

ಈ ಪದ್ಧತಿಯಲ್ಲಿ ಧ್ವನಿಯನ್ನು ಸೆಕೆಂಡಿಗೆ 48,000 ಸಲ ಅಳೆದು, ಸಾಮಾನ್ಯವಾಗಿ ಒಂದೊಂದು ಮಿಲಿಸೆಕೆಂಡಿನದನ್ನು ಒಂದೊಂದು ಪ್ಯಾಕೆಟ್ ಕಟ್ಟುತ್ತಾರೆ. ಪ್ಯಾಕೆಟ್ಟಿಗೆ 48 ಸ್ಯಾಂಪಲ್ (ಅಳತೆ), ಸೆಕೆಂಡಿಗೆ ಸಾವಿರ ಪ್ಯಾಕೆಟ್. ಒಂದು ಸ್ಟೀರಿಯೊ ಸ್ಟ್ರೀಮಿಗೆ ಸೆಕೆಂಡಿಗೆ ಸುಮಾರು 3 ಮೆಗಾಬಿಟ್. ಗಿಗಾಬಿಟ್ (ಸಾವಿರ ಮೆಗಾಬಿಟ್) ಕೇಬಲ್ಲಿಗೆ ಅದು ಲೆಕ್ಕಕ್ಕೇ ಇಲ್ಲ. ಆದರೆ ಇದು ಮಲ್ಟಿಕಾಸ್ಟ್, ಬೇಕಾದವರು ಎತ್ತಿಕೊಳ್ಳಲಿ ಎಂದು ಬಿಟ್ಟದ್ದು. ಯಾರಿಗೆ ಬೇಕೆಂದು ಗಮನಿಸುವ ಐಜಿಎಂಪಿ ಸ್ನೂಪಿಂಗ್ ಇಲ್ಲದ ಅಗ್ಗದ ಸ್ವಿಚ್ಚು (ನೆಟ್‌ವರ್ಕ್ ಕೇಬಲ್ಲುಗಳೆಲ್ಲ ಬಂದು ಕೂಡುವ ಪೆಟ್ಟಿಗೆ), ಸಾಕು ಎಂದರೂ ಕೇಳದೆ ಸಾರು ಸುರಿಯುವವನ ಹಾಗೆ, ಪಂಕ್ತಿಯ ಎಲ್ಲ ಎಲೆಗೂ ಬಡಿಸುತ್ತಾ ಹೋಗುತ್ತದೆ. ವೈಫೈ ಅಂತೂ ಮಲ್ಟಿಕಾಸ್ಟನ್ನು ತನ್ನ ತೀರಾ ನಿಧಾನದ ವೇಗದಲ್ಲಿ ಕಳಿಸುವಂಥದ್ದು. ಎಂಟೂ ಸ್ಟ್ರೀಮು ಸೇರಿ 24 ಮೆಗಾಬಿಟ್ ಬಂದು ಬಿದ್ದ ಮೇಲೆ ಮೇಡಂ ಪ್ರಿಂಟರಿನ ಸರದಿ ಎಲ್ಲಿ ಬರಬೇಕು?

ಆದ್ದರಿಂದ ಧ್ವನಿಗೇ ಬೇರೆ ಮ್ಯಾನೇಜ್ಡ್ ಸ್ವಿಚ್ (ಸೆಟ್ಟಿಂಗ್ ಬದಲಿಸಬಹುದಾದದ್ದು) ಕೊಳ್ಳಿ. ಸ್ನೂಪಿಂಗ್ ಜೊತೆಗೆ, ‘ಯಾರಿಗೆ ಇನ್ನೂ ಬೇಕು’ ಎಂದು ಆಗಾಗ ಕೇಳುವ ಕ್ವೆರಿಯರನ್ನೂ ಆನ್ ಮಾಡಿ. ಅದನ್ನು ಮರೆತರೆ ನಾಲ್ಕೈದು ನಿಮಿಷ ಚೆನ್ನಾಗಿ ಕೇಳಿಸಿ ಆಮೇಲೆ ಗಪ್‌ಚುಪ್; ನೀವು ಮೈಕ್ ಬಿಚ್ಚುತ್ತಾ ಕೂರುತ್ತೀರಿ.

ಇನ್ನು ಗಡಿಯಾರ, ಯಂತ್ರದೊಳಗೆ ಕೂತು ಸ್ಯಾಂಪಲ್ ಅಳೆಯುವ ಹೊತ್ತು ಹೇಳುವಂಥದ್ದು. ಎರಡು ಯಂತ್ರಗಳ ಗಡಿಯಾರದಲ್ಲಿ ಹತ್ತು ಲಕ್ಷಕ್ಕೆ ಇಪ್ಪತ್ತರಷ್ಟು ವ್ಯತ್ಯಾಸವಿದ್ದರೂ ಸೆಕೆಂಡಿಗೆ ಸುಮಾರು ಒಂದು ಸ್ಯಾಂಪಲ್ ಹಿಂದೆಮುಂದೆ, ಗಂಟೆಗೆ ಹತ್ತಿರ ಹತ್ತಿರ 70 ಮಿಲಿಸೆಕೆಂಡ್. ಕಿವಿಗೆ ಅದು ಆಗಾಗ ‘ಟಿಕ್’ ಎಂದು ಕೇಳಿಸುತ್ತದೆ. ಒಂದು ಯಂತ್ರ ಹೊತ್ತು ಹೇಳಿ ಉಳಿದವು ಅನುಸರಿಸುವ ವ್ಯವಸ್ಥೆಯ ಹೆಸರು ಪಿಟಿಪಿ. ಸ್ವಿಚ್ಚಿನ ವಿದ್ಯುತ್ ಉಳಿತಾಯದ ಸೆಟ್ಟಿಂಗ್ ಇದನ್ನು ಕೆಡಿಸುತ್ತದೆ, ಆಫ್ ಮಾಡಿ.

ಕೊಟೇಶನ್ನಿನಲ್ಲಿ ‘ಎಇಎಸ್67’ ಎಂದು ಬರೆಸಿಕೊಳ್ಳಿ. ನೆಟ್‌ವರ್ಕಿನಲ್ಲಿ ಧ್ವನಿ ಕಳಿಸಲು ಲೈವ್‌ವೈರ್, ಡಾಂಟೆ ಎಂದು ಒಂದೊಂದು ಕಂಪನಿಯದು ಒಂದೊಂದು ಭಾಷೆಯಾಗಿದ್ದಾಗ, ಪರಸ್ಪರ ಮಾತಾಡಲೆಂದು 2013ರಲ್ಲಿ ಬಂದ ಮಾನದಂಡ ಅದು.

140 ಮೀಟರಿಗೆ ಕ್ಯಾಟ್-6 ಆಗುವುದಿಲ್ಲ, ಅದರ ಮಿತಿ 100. ಆಗಿದ್ದರೂ ಬೇಡ ಎನ್ನುತ್ತಿದ್ದೆ. ನಿಮ್ಮ ಕಡೆಯ ಸಿಡಿಲು ಗೊತ್ತಲ್ಲ. ಎರಡು ಕಟ್ಟಡಗಳ ನಡುವೆ ತಾಮ್ರ ಎಳೆದರೆ ಅದಕ್ಕೆ ದಾರಿ ಮಾಡಿಕೊಟ್ಟಂತೆ. ಫೈಬರ್ ಹಾಕಿ, ಲೋಹವಿಲ್ಲದ್ದನ್ನೇ ಕೇಳಿ. ಸ್ಟುಡಿಯೊ ಒಳಗೆ ಎರಡೇ ಮೈಕ್ ಇದ್ದರೆ ಹಳೇ ಶೀಲ್ಡೆಡ್ ಕೇಬಲ್ಲೇ ಇರಲಿ, ದುಡ್ಡು ಉಳಿಯುತ್ತದೆ.

ಪ್ರಶ್ನೆ: ರೇಡಿಯೊದಲ್ಲಿ ವಾರ್ತೆಗೆ ಮುಂಚಿನ ‘ಪೀಂ ಪೀಂ’ ಸರಿಯಾದ ಹೊತ್ತಿಗೆ ಬರುತ್ತದೆ, ಮೊಬೈಲ್ ಆ್ಯಪಿನಲ್ಲಿ ತಡ. ಯಾಕೆ?
– ಓದುಗರು, ಗದಗ

ಉತ್ತರ: ಮೇಲೆ ಹೇಳಿದ ನೆಟ್‌ವರ್ಕಿನಲ್ಲಿ ಆಗುವ ತಡ ಕೆಲವೇ ಮಿಲಿಸೆಕೆಂಡ್. ಆ್ಯಪ್ ಇಂಟರ್ನೆಟ್ಟನ್ನು ಅಷ್ಟು ನಂಬುವುದಿಲ್ಲ. ಮಧ್ಯೆ ಕಡಿದುಹೋಗದಿರಲೆಂದು ಕೆಲವು ಸೆಕೆಂಡಿನಷ್ಟು ಧ್ವನಿಯನ್ನು ಮೊದಲೇ ತುಂಬಿಟ್ಟುಕೊಂಡು ಆಮೇಲೆ ನುಡಿಸುತ್ತದೆ. ಗಡಿಯಾರ ಹೊಂದಿಸುವುದಿದ್ದರೆ ಹಳೇ ಟ್ರಾನ್ಸಿಸ್ಟರನ್ನೇ ತಿರುಗಿಸಿ.