ತಾಯಿ ಪಾತ್ರಕ್ಕೆ ಅಷ್ಟು ಗೌರವ ಕೊಡ್ತಾರಲ್ಲ, ಅದು ಸಾಲದಾ?

ನಮ್ಮ ಸಿನಿಮಾಗಳಲ್ಲಿ ತಾಯಿಯನ್ನು ದೇವರ ಹಾಗೆ ತೋರಿಸುತ್ತಾರೆ, ಆದರೂ ಹೆಣ್ಣಿಗೆ ಬೆಲೆ ಇಲ್ಲ ಅಂತ ಯಾಕೆ ದೂರುತ್ತಾರೆ ಎಂದು ಕೇಳಿದ್ದೀರಿ. ಗೌರವ ಕೊಡುತ್ತಾರೆ, ನಿಜ. ಆದರೆ ಕಥೆಯಲ್ಲಿ ಆಕೆಗೆ ಮಾಡುವುದಕ್ಕೆ ಏನೂ ಇರುವುದಿಲ್ಲ. ನನ್ನ ದೂರು ಇಷ್ಟೇ.

ನಾನು ಬಂಗಾರಪೇಟೆಯವಳು. ಪಕ್ಕದ ಊರಿನ ಹೆಸರಲ್ಲೇ ಬಂದ ‘ಕೆಜಿಎಫ್’ ನೋಡಿ. ಅಮ್ಮನಿಗೆ ಕೊಟ್ಟ ಮಾತೇ ನಾಯಕನ ಬದುಕು. ಆದರೆ ಆ ಅಮ್ಮ ಅವನು ಹುಡುಗನಾಗಿದ್ದಾಗಲೇ ತೀರಿಕೊಂಡಿದ್ದಾಳೆ. 2022ರಲ್ಲಿ ಬಂದ ಎರಡನೇ ಭಾಗದಲ್ಲಿ ನಾಯಕಿಯೂ ಗುಂಡೇಟಿಗೆ ಸಾಯುತ್ತಾಳೆ. ಇಬ್ಬರ ಸಾವೂ ಅವನ ಸಿಟ್ಟಿಗೆ ಸೌದೆ. ತಾನೇ ತೀರ್ಮಾನ ಮಾಡಿ ಕಥೆ ತಿರುಗಿಸುವವಳು ರವೀನಾ ಟಂಡನ್ ಮಾಡಿದ ಪ್ರಧಾನಿ. ಆ ಪಾತ್ರ ಇನ್ನೂ ಜಾಸ್ತಿ ಹೊತ್ತು ಇರಬೇಕಿತ್ತು.

ನಿಜವಾದ ಕೆಜಿಎಫ್‌ನಲ್ಲಿ 2001ರಲ್ಲಿ ಗಣಿ ಮುಚ್ಚಿತು. ಆಮೇಲೆ ಎಷ್ಟೋ ಮನೆಗಳು ಬೆಂಗಳೂರಿನ ದುಡಿಮೆಯ ಮೇಲೆ ನಿಂತವು. ಕೆಜಿಎಫ್ ಕಡೆಯಿಂದ ಬೆಂಗಳೂರಿಗೆ ಹೋಗುವ ಬೆಳಗಿನ ಮಾರಿಕುಪ್ಪಂ ರೈಲು ಹತ್ತಿ ನೋಡಿ. ಊಟದ ಡಬ್ಬಿ ಹಿಡಿದ ಹೆಂಗಸರು ಎಷ್ಟೊಂದು ಜನ! ಚೀಟಿ ದುಡ್ಡು, ಮಕ್ಕಳ ಫೀಸು, ಅತ್ತೆಯ ಕಾಯಿಲೆ, ಸೂಪರ್‌ವೈಸರ್ ಬೈದದ್ದು, ಎಲ್ಲ ಮಾತೂ ಅಲ್ಲೇ. ಸಂಬಳ ಯಾವ ಸಾಲಕ್ಕೆ ಮೊದಲು ಹೋಗಬೇಕು ಅಂತ ಅವರೇ ಲೆಕ್ಕ ಹಾಕುತ್ತಿರುತ್ತಾರೆ. ಇವರಲ್ಲಿ ಕಥೆ ಇಲ್ಲ ಅಂತ ಯಾರಾದರೂ ಹೇಳಿದರೆ ನನಗೆ ಕೋಪ ಬರುತ್ತದೆ.

ಇಂಥದ್ದು ಓಡಲ್ಲ ಅಂತಾರೆ. ಪುಟ್ಟಣ್ಣ ಕಣಗಾಲರ ಸಿನಿಮಾಗಳು ಓಡಿದವಲ್ವಾ? ‘ಬೆಳ್ಳಿಮೋಡ’ದಲ್ಲಿ (1967) ತನ್ನನ್ನು ಬೇಡ ಅಂದವನು ತಪ್ಪು ತಿಳಿದು ಮರಳಿ ಬಂದಾಗ ಕಲ್ಪನಾ ಒಪ್ಪುವುದಿಲ್ಲ. ‘ಶರಪಂಜರ’ದಲ್ಲಿ (1971) ನಾಯಕಿ ಮನಸ್ಸಿನ ಕಾಯಿಲೆ ವಾಸಿಯಾಗಿ ಆಸ್ಪತ್ರೆಯಿಂದ ಬಂದರೂ ಸುತ್ತಲಿನವರು ಅವಳನ್ನು ಹುಚ್ಚಿ ಅಂತಲೇ ನೋಡುತ್ತಾರೆ. ಅದನ್ನು ಜನ ಮುಗಿಬಿದ್ದು ನೋಡಿದರು. ಎರಡೂ ತ್ರಿವೇಣಿಯವರ ಕಾದಂಬರಿಗಳು. ಪುಟ್ಟಣ್ಣನವರದೇ ‘ಗೆಜ್ಜೆಪೂಜೆ’ಯ ಕಥೆ ಎಂ.ಕೆ. ಇಂದಿರಾ ಅವರದು. ಹೆಂಗಸರು ಬರೆದ ಕಥೆಗಳನ್ನು ಹುಡುಕಿ ಓದುವುದನ್ನು ಚಿತ್ರರಂಗ ಕಡಿಮೆ ಮಾಡಿತು, ಪಾತ್ರಗಳೂ ಸೊರಗಿದವು ಅನ್ನುವುದು ನನ್ನ ಅಭಿಪ್ರಾಯ. ಹೀರೋಗೆ ಅಂತ ಬರೆದ ಕಥೆಯಲ್ಲಿ ಎರಡು ಹಾಡು ಕೊಟ್ಟು ಸುಮ್ನೆ ಕೂರಿಸಿದರೆ ಎಂಥ ನಟಿ ತಾನೇ ಏನು ಮಾಡಿಯಾಳು?

ನಮ್ಮ ಜಿಲ್ಲೆಯ ಮುಳಬಾಗಿಲಿನ ಸೌಂದರ್ಯ ಇದಕ್ಕೊಂದು ದಾರಿ ಹುಡುಕಿದರು. ತೆಲುಗಿನಲ್ಲಿ ದೊಡ್ಡ ಹೀರೋಗಳ ಜೊತೆ ಮಾಡುತ್ತಿದ್ದವರು ತಾವೇ ನಿರ್ಮಾಪಕಿಯಾಗಿ ‘ದ್ವೀಪ’ ಮಾಡಿದರು. ನಿರ್ದೇಶನ ಗಿರೀಶ್ ಕಾಸರವಳ್ಳಿ ಅವರದು. ಅತ್ಯುತ್ತಮ ಚಿತ್ರ ಅಂತ ರಾಷ್ಟ್ರಪ್ರಶಸ್ತಿ ಬಂತು. ಅಣೆಕಟ್ಟಿನ ನೀರು ಮನೆಯ ಸುತ್ತ ಏರುತ್ತಿರುವಾಗ ಸೌಂದರ್ಯ ಮಾಡಿದ ನಾಗಿ ಮಳೆಯಲ್ಲಿ ನೆನೆಯುತ್ತಾ ಹೆಣಗಾಡುತ್ತಾಳೆ. ಮನೆ ಉಳಿಯುತ್ತದೆ. ಆಗ ಗಂಡ ಅದನ್ನು ದೇವರ ದಯೆ ಅಂದುಬಿಡುತ್ತಾನೆ. ನಾಗಿಯ ಮುಖ ನೋಡಲು ಆಗುವುದಿಲ್ಲ. ನೋಡಿಲ್ಲ ಅಂದರೆ ದಯವಿಟ್ಟು ನೋಡಿ. 2004ರ ಆ ವಿಮಾನ ಅಪಘಾತ ಆಗದೇ ಇದ್ದಿದ್ದರೆ ಸೌಂದರ್ಯ ಇಂಥವು ಇನ್ನೂ ನಾಲ್ಕಾರು ಮಾಡುತ್ತಿದ್ದರು ಅಂತ ನನಗೆ ಈಗಲೂ ಅನಿಸುತ್ತದೆ.